ಒಣಗಲು ಇಟ್ಟ ಕಲ್ಲುಪುಡಿ

೨೯ ಜುಲೈ ೨೦೨೪, ಸೋಮವಾರ

ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದು ಹೋಗುತ್ತದೆ. ಮನೆಯಲ್ಲಿ ಹೇಳುವ ಹಾಗಿಲ್ಲ. ಅತ್ತೆ ಕೇಳಿಸಿಕೊಂಡರೆ "ಹಾಂಗಾರೆ ಬಿಟ್ಟ್‌ಬಿಡ್, ಮನೆಯಂಗೆ ಕೆಲ್ಸ ಇಲ್ಯಾ" ಅನ್ನುತ್ತಾರೆ. ಹಾಗಾಗಿ ಬರೆಯುವುದೇ ಸೈ.

ದಾಮೋದರ ಸರ್ ಇವತ್ತು ಲ್ಯಾಬಿನಲ್ಲಿ ನನ್ನ ಅರ್ಧ ಕೆಲಸವನ್ನು ಎತ್ತಿ ಹೊಸದಾಗಿ ಬಂದ ಆ ಹುಡುಗಿಯ ಕೈಗೆ ಕೊಟ್ಟರು. ನನ್ನೆದುರಿಗೇ. "ಶ್ರೀವಾಣಿಗೆ ಕಾಲೇಜಿನ ಪಾಠವೂ ಉಂಟು, ಮನೆಯೂ ಉಂಟು, ಗಂಧಕ ಒಂದು ನೋಡಿಕೊಂಡರೆ ಸಾಕು. ಸಾರಜನಕ ಶರಣ್ಯಾ ಮಾಡಲಿ." ನನ್ನ ಮೇಲೆ ಕರುಣೆ ತೋರಿಸುವವರ ಧ್ವನಿ ಬೇರೆ! ನಾನು ಕೇಳಿದ್ದೆನಾ ಕರುಣೆ?

ಬಾರ್ಕೂರಿನ ಈ ಮನುಷ್ಯ ಆಯುಷ್ಯವೆಲ್ಲ ಕಲ್ಲಿದ್ದಲಿನ ಊರಿನಲ್ಲಿ ಕಳೆದು, ನಿವೃತ್ತರಾಗಿ ಬಂದು, ಗಂಗೊಳ್ಳಿ ಬಂದರಿನಲ್ಲಿ ಬಲೆ ಗೋದಾಮಿನ ಮಾಳಿಗೆಯ ಮೇಲೆ ಲ್ಯಾಬ್ ಹಾಕಿದಾಗ ಊರೇ ನಕ್ಕಿತ್ತು. ಹೊಟ್ಟೆಪಾಡಿಗೆ ಮೀನುಪುಡಿಯ ಪ್ರೋಟೀನ್ ಪರೀಕ್ಷೆ. ಮನಸ್ಸಿನ ಖುಷಿಗೆ ಅಸ್ಸಾಮಿನಿಂದ ತಂದ ಕಲ್ಲಿದ್ದಲು, ಮತ್ತೆ ಶೇಲ್, ಅಂದರೆ ಕಾಯಿಸಿದರೆ ಎಣ್ಣೆ ಬಿಡುವ ಕಪ್ಪು ಪದರುಗಲ್ಲು. ಆಗ ಅವರ ಜೊತೆಗೆ ನಿಂತವಳು ನಾನು. ಕುಂದಾಪುರದಲ್ಲಿ ಪಾಠ ಮುಗಿಸಿ, ಮುಳ್ಳಿಕಟ್ಟೆ ಸುತ್ತಿ ಹೋಗುವ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಪಿಎಚ್.ಡಿ. ಮುಗಿದೀತು ಅಂತ ಕಲ್ಲು ಕುಟ್ಟಿದವಳು ನಾನು. ಗಂಧಕವೂ ನಿನ್ನದು, ಸಾರಜನಕವೂ ನಿನ್ನದು ಅಂತ ಅವರ ಬಾಯಿಂದಲೇ ಬಂದ ಮಾತು.

ಇದ್ದಲಿನಲ್ಲಿ ಗಂಧಕ ಎಷ್ಟಿದೆ ಅಂತ ಹೇಳುವುದು ದೊಡ್ಡ ವಿಷಯ ಅಲ್ಲ. ಯಾವ ರೂಪದಲ್ಲಿದೆ ಅನ್ನುವುದು ಕೆಲಸ. ಸಲ್ಫೇಟ್ ಆಗಿದ್ದರೆ ಆಮ್ಲದಲ್ಲಿ ತೊಳೆದರೆ ಹೋಗುತ್ತದೆ. ಕಬ್ಬಿಣದ ಜೊತೆ ಪೈರೈಟ್ ಆಗಿ ಕೂತಿದ್ದರೆ ಬೇರೆ ದಾರಿ. ಇಂಗಾಲಕ್ಕೇ ಅಂಟಿಕೊಂಡಿದ್ದರೆ ಏನು ಮಾಡಿದರೂ ಬಿಡುವುದಿಲ್ಲ. ಸಾರಜನಕದ್ದು ಇನ್ನೂ ಚಂದ: ಹೆಚ್ಚಿನದು ಇಂಗಾಲದ ಉಂಗುರಗಳ ಒಳಗೆ ಅಡಗಿರುತ್ತದೆ, ಶೇಲಿನಲ್ಲಿ ಮಾತ್ರ ಒಂದಿಷ್ಟು ಅಮೋನಿಯಂ ಆಗಿ ಜೇಡಿಯ ಪದರಕ್ಕೆ ಹಿಡಿದುಕೊಂಡಿರುತ್ತದೆ. ಆ ಚಂದದ ಭಾಗ ಈಗ ಅವಳಿಗೆ.

ಮೊನ್ನೆ ಮೊನ್ನೆ ಎಂ.ಎಸ್ಸಿ. ಮುಗಿಸಿದ ಹುಡುಗಿ. ಗಂಗೊಳ್ಳಿಯವಳೇ. ಮನೆಯಿಂದ ಲ್ಯಾಬಿಗೆ ನಡೆದು ಬರುತ್ತಾಳೆ, ನನ್ನ ಹಾಗೆ ಬಸ್ಸಿಗೆ ಓಡಬೇಕಾಗಿಲ್ಲ. ಬೇಗ ಬಂದು ಬೇಗ ಕೆಲಸ ಮುಗಿಸುವುದು ಯಾವ ಮಹಾ!

೬ ಆಗಸ್ಟ್, ಮಂಗಳವಾರ

ಮೀನುಗಾರಿಕೆಯ ರಜೆ ಮುಗಿದು ಬೋಟುಗಳೆಲ್ಲ ಇಳಿದಿವೆ. ಬಂದರಿನಲ್ಲಿ ಕಾಲಿಡಲು ಜಾಗವಿಲ್ಲ. ಲ್ಯಾಬಿನ ಎದುರಿನ ಐಸ್ ಪ್ಲಾಂಟ್ ಎರಡು ತಿಂಗಳು ಸುಮ್ಮನಿದ್ದದ್ದು ಈಗ ಹಗಲಿಡೀ ಗಡಗಡ ಅನ್ನುತ್ತಿದೆ.

ಮಾಳಿಗೆ ಹತ್ತಿ ಒಳಗೆ ಹೋದೆನೋ ಇಲ್ಲವೋ, ಮೂಗಿಗೆ ಸೂಜಿ ಚುಚ್ಚಿದ ಹಾಗಾಯಿತು. ಅಮೋನಿಯಾ, ಪ್ಲಾಂಟಿನಲ್ಲಿ ನೀರನ್ನು ಮಂಜುಗಡ್ಡೆ ಮಾಡಲು ಬಳಸುವ ಗ್ಯಾಸ್. ಐಸ್ ಪ್ಲಾಂಟಿನ ಬದಿಯ ಕಿಟಕಿ, ನಾನು ಎಂದೂ ತೆಗೆಯದ ಕಿಟಕಿ, ಆ ಹುಡುಗಿ ಹಾರುಹೊಡೆದು ಇಟ್ಟಿದ್ದಾಳೆ. ಕೆಳಗೇ ತಟ್ಟೆಗಳಲ್ಲಿ ಶೇಲಿನ ಪುಡಿ ಹರಡಿದ್ದಾಳೆ. ಪುಡಿ ಕೋಣೆಯ ಗಾಳಿಗೆ ಒಗ್ಗುವವರೆಗೆ ಹಾಗೆ ಒಣಗಬೇಕು, ಅದು ನಿಯಮವೇ. ಮಳೆಗಾಲದಲ್ಲಿ ಒಣಗುವುದಿಲ್ಲ ಅಂತ ಗಾಳಿಗೆ ಮುಖ ಮಾಡಿ ಇಟ್ಟಿದ್ದಾಳೆ.

"ಎಂತ ವಾಸನೆ ಇದು?" ಅಂದೆ.

ಅವಳು ಮೂಗು ಮೇಲೆ ಮಾಡಿ ನೋಡಿದಳು. "ಎಂತ ವಾಸ್ನಿ ಮೇಡಂ? ನಂಗೆ ಎಂತದೂ ಬತ್ತಿಲ್ಲೆ." ಮತ್ತೆ ನನ್ನ ಮುಖ ನೋಡಿ ಸಣ್ಣ ನಗೆ ನಕ್ಕು, "ಮೀನಿಂದ್ ಇರ್ಕ್. ನಿಮ್ಗೆ ಅಭ್ಯಾಸ ಇಲ್ಲೆ ಅಲ್ದಾ" ಅಂದಳು.

ಕೋಟದ ಕಡೆಯ ದೇವಸ್ಥಾನದ ಮನೆಯವಳು, ಮೀನಿನ ವಾಸನೆಗೆ ಮೂಗು ಮುಚ್ಚುವವಳು ಅಂತ! ಇಷ್ಟು ವರ್ಷ ಈ ಬಂದರಿನಲ್ಲಿ ಓಡಾಡಿದ್ದೇನೆ, ಒಂದು ದಿನ ಸೆರಗು ಮೂಗಿಗೆ ಹಿಡಿದಿಲ್ಲ. ಸಿಟ್ಟು ನೆತ್ತಿಗೇರಿತು. ಮತ್ತೆ ಒಂದು ಮಾತೂ ಆಡಲಿಲ್ಲ. ನನ್ನ ಮೇಜನ್ನು ಆಚೆ ಗೋಡೆಗೆ ಎಳೆದುಕೊಂಡು ಕೂತೆ.

೨೧ ಆಗಸ್ಟ್, ಬುಧವಾರ

ಸರ್ ಬಾರ್ಕೂರಿನಿಂದ ಸ್ಕೂಟರಿನಲ್ಲಿ ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದರು. ನನಗೆ ಅಂತ ಒಂದು ದಿನ ಒಂದು ಕಡಲೆಕಾಯಿ ತಂದವರಲ್ಲ.

ವಿಷಯ ಏನೆಂದರೆ, ಜುಲೈಯಲ್ಲಿ ನಾನು ನೋಡಿದ ಮೇಲಿನ ಪದರದ ಶೇಲಿನಲ್ಲಿ ಅಮೋನಿಯಂ ಲೆಕ್ಕಕ್ಕೇ ಇಲ್ಲದಷ್ಟು. ಈಗ ಅವಳು ನೋಡಿದ, ಗಣಿಯ ಕೆಳಗಿನ ಪದರದ ಶೇಲಿನಲ್ಲಿ ರಾಶಿ ಅಮೋನಿಯಂ. ಪದರ ಕೆಳಗೆ ಹೋದಂತೆ ಸಾರಜನಕದ ರೂಪವೇ ಬದಲಾಗುತ್ತದೆ ಅಂತ ಸರ್ ಕುಣಿಯುವುದೊಂದು ಬಾಕಿ. "ಇದು ಯಾರೂ ಹೇಳಿದ್ದಿಲ್ಲ ಮಣಿ, ಯಾರೂ ಹೇಳಿದ್ದಿಲ್ಲ!"

ಮಣಿಯಂತೆ. ನಾನು ಶ್ರೀವಾಣಿ, ಅವಳು ಮಣಿ.

ನನ್ನ ಕೈಯಲ್ಲಿ ಗೋಳಿಬಜೆ, ಕಣ್ಣು ಕಿಟಕಿಯ ಮೇಲೆ. ಆಗ ಹೊಳೆಯಿತು. ಜುಲೈಯಲ್ಲಿ ಐಸ್ ಪ್ಲಾಂಟ್ ಬಂದ್, ಕಿಟಕಿಯೂ ಬಂದ್. ಆಗಸ್ಟಿನಲ್ಲಿ ಎರಡೂ ಶುರು. ಜೇಡಿ ಇರುವ ಪುಡಿ ಗಾಳಿಯ ಅಮೋನಿಯಾವನ್ನು ಹೀರಿ ಅಮೋನಿಯಂ ಮಾಡಿಕೊಳ್ಳದೆ ಬಿಡುತ್ತದೆಯೇ? ಅವಳು ಅಳೆದದ್ದು ಅಸ್ಸಾಮಿನ ಭೂಮಿಯನ್ನಲ್ಲ, ಎದುರಿನ ಐಸ್ ಪ್ಲಾಂಟನ್ನು. ಪುಡಿ ಹಾಕದೆ ಬರೀ ದ್ರಾವಣ ನೋಡುವ ಪರೀಕ್ಷೆಯನ್ನೂ ಅವಳು ತಪ್ಪದೆ ಮಾಡಿದ್ದಾಳೆ, ಅದು ಸರಿಯಾಗಿಯೇ ಬಂದಿದೆ. ಬರದೆ ಏನು? ಹೀರಿದ್ದು ಪುಡಿ, ದ್ರಾವಣ ಅಲ್ಲವಲ್ಲ.

ಅವಳ ಮೂಗಿಗೆ ಗೊತ್ತಾಗುವುದಿಲ್ಲ, ಅದೇ ವಾಸನೆಯಲ್ಲಿ ಹುಟ್ಟಿ ಬೆಳೆದವಳು. ಸರ್ ಅವರ ಮೂಗು ಇದ್ದಲ ಹೊಗೆಯಲ್ಲಿ ಎಂದೋ ಹೋಗಿದೆ, ಸಾಂಬಾರು ಸೀದರೂ ಅವರಿಗೆ ತಿಳಿಯುವುದಿಲ್ಲ. ಈ ಕೋಣೆಯಲ್ಲಿ ಮೂಗು ಇರುವವಳು ನಾನೊಬ್ಬಳೇ.

ಖುಷಿಯಾಯಿತು. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ? ಬಹಳ ಖುಷಿಯಾಯಿತು. ಇನ್ನೊಂದು ಗೋಳಿಬಜೆ ತಿಂದೆ.

೨೩ ಆಗಸ್ಟ್

ಹೇಳಲಿಲ್ಲ. ನಾನು ಯಾಕೆ ಹೇಳಬೇಕು? ಸಾರಜನಕ ನನ್ನದಲ್ಲವಲ್ಲ.

೧೨ ಸೆಪ್ಟೆಂಬರ್, ಗುರುವಾರ

ಇವತ್ತಿನದು ಬರೆಯಲೇ ನಾಚಿಕೆ. ಮಧ್ಯಾಹ್ನ ಹೋಗುವಾಗ ಅವಳು ಮೆಟ್ಟಿಲಲ್ಲೇ ಕಾದು ನಿಂತಿದ್ದಳು. "ಮೇಡಂ, ಒಂಚೂರ್ ಬನ್ನಿ. ನಿಮ್ ಬಾಟ್ಲಿ ಪುಡಿ ಮೇಲೆ ಎಂತದೋ ಬಿಳಿ ಹಿಡ್ದಿತ್ತ್ ಕಾಣಿ."

ಕಪಾಟಿನಲ್ಲಿದ್ದ ನನ್ನ ಇದ್ದಲ ಪುಡಿಯ ಮೇಲೆ ಬೂಷ್ಟಿನ ಹಾಗೆ ಬಿಳಿ ಪುಡಿ. ಬೂಷ್ಟಲ್ಲ. ಮಳೆಗಾಲದ ತೇವಕ್ಕೆ ಪೈರೈಟ್ ತುಕ್ಕು ಹಿಡಿದ ಹಾಗೆ ಸಲ್ಫೇಟ್ ಆಗಿ ಮೇಲೆ ಬಂದು ಕೂತಿದೆ. ಮುಚ್ಚಳ ಸಡಿಲ ಇತ್ತು. ನಾನೇ ಮುಚ್ಚಿದ್ದು. ಒಟ್ಟು ಗಂಧಕ ಅಷ್ಟೇ ಇರುತ್ತದೆ, ರೂಪ ಮಾತ್ರ ಬೇರೆ. ನನ್ನ ಕೆಲಸವೇ ರೂಪ ಹೇಳುವುದಲ್ಲವಾ! ಇದನ್ನೇ ಅಳೆದು ಅಧ್ಯಾಯ ಬರೆದಿದ್ದರೆ ಮರ್ಯಾದೆ ಮೂರು ಕಾಸಿಗೆ ಹೋಗುತ್ತಿತ್ತು.

"ಸರ್‌ಗೆ ಹೇಳ್ಲಿಲ್ಲೆ. ಮೊದ್ಲ್ ನಿಮ್ಗೆ ಹೇಳ್ವ ಅಂದೇಳಿ," ಅಂದಳು. ಪೆಟ್ಟಿಗೆಯಲ್ಲಿ ಕುಟ್ಟದ ಇದ್ದಲು ಇನ್ನೂ ಇದೆ ಅಂತಲೂ ಅವಳೇ ನೆನಪು ಮಾಡಿದಳು. ನನ್ನ ಜೊತೆ ಕೂತು ಹೊಸದಾಗಿ ಕುಟ್ಟಿದಳು. ಮುಖಕ್ಕೆಲ್ಲ ಮಸಿ.

ಥ್ಯಾಂಕ್ಸ್ ಅಂದೆ. ಆದರೆ ಹೊಟ್ಟೆಯಲ್ಲಿ ಬೆಂಕಿ. ಯಾರಾದರೂ ಕೆಟ್ಟವರಾಗಿದ್ದರೆ ಎಷ್ಟು ಸುಲಭ. ಇವಳು ಒಳ್ಳೆಯವಳೂ ಆಗಬೇಕಾ?

೨೦ ಸೆಪ್ಟೆಂಬರ್

ಡಿಸೆಂಬರಿನಲ್ಲಿ ಧನಬಾದಿನಲ್ಲಿ ಕಲ್ಲಿದ್ದಲಿನವರ ದೊಡ್ಡ ಸಮ್ಮೇಳನ. ಸರ್ ಒಬ್ಬರನ್ನು ಕಳಿಸಬಹುದು. ಕಳಿಸುವುದು ಅವಳನ್ನು. ಸರ್‌ನ ಹಳೆಯ ಸ್ನೇಹಿತರೊಬ್ಬರು ಅಲ್ಲಿ ಪ್ರೊಫೆಸರ್. ಅವಳ ಭಾಷಣ ಹಿಡಿಸಿದರೆ ಅಲ್ಲೇ ಪಿಎಚ್.ಡಿ.ಗೆ ಸೇರಿಸಿಕೊಳ್ಳುತ್ತಾರಂತೆ, ಫೆಲೋಶಿಪ್ ಸಮೇತ.

ನಾನು ಇಷ್ಟು ವರ್ಷ ಬಸ್ಸಿನಲ್ಲಿ ನೇತಾಡಿದ್ದಕ್ಕೆ ಸಿಕ್ಕಿದ್ದೇನು? ಬೆನ್ನು ನೋವು.

ಹೋಗಲಿ. ಹೋಗಿ ನಿಂತು ಹೇಳಲಿ. ಅಲ್ಲಿರುವವರೇನು ಹುಲ್ಲು ತಿನ್ನುತ್ತಾರಾ? ಒಬ್ಬರಾದರೂ ಕೇಳಿಯೇ ಕೇಳುತ್ತಾರೆ, ಎಲ್ಲಿ ಒಣಗಿಸಿದೆ ಮಗೂ ಅಂತ. ಆಗ ನೋಡುವ ಮಣಿಯ ಮುಖ.

೯ ಅಕ್ಟೋಬರ್

ನವರಾತ್ರಿ. ಇವರಿಗೆ ದೇವಸ್ಥಾನದಲ್ಲಿ ಪೂಜೆಯ ಮೇಲೆ ಪೂಜೆ, ಮನೆಗೆ ಬರುವುದು ಉಣ್ಣಲಿಕ್ಕೆ ಮಾತ್ರ. ಇವತ್ತು ಬಡಿಸುವಾಗ ದೂರ ಸರಿದು ಕೂತರು. "ನಿನ್ನ ಸೀರೆಯಂಗೆ ಎಂತದ್ ಮಾರಾಯ್ತಿ ಆ ವಾಸ್ನೆ? ಕಣ್ಣ್ ಉರಿತ್ತ್."

ಮೂಸಿ ನೋಡಿದೆ. ನನಗೇನೂ ಬರಲಿಲ್ಲ. ಇವರಿಗೆ ಕರ್ಪೂರದ ಹೊಗೆಯಲ್ಲಿ ನಿಂತು ನಿಂತು ಮೂಗು ಕೆಟ್ಟಿರಬೇಕು.

೧೫ ಅಕ್ಟೋಬರ್, ಮಂಗಳವಾರ

ಶರಣ್ಯಾ ಮನೆಗೆ ಕರೆದಳು. ಬೇಡ ಅನ್ನಲು ನೆವ ಸಿಗಲಿಲ್ಲ. ಬಂದರಿನ ಹಿಂದೆಯೇ ಮನೆ. ನಾನು ಅವರ ಮನೆಯಲ್ಲಿ ಉಣ್ಣುತ್ತೇನೋ ಇಲ್ಲವೋ ಅಂತ ಅವಳ ಅಮ್ಮ ಎಳನೀರಿನ ಬೊಂಡ ಕೆತ್ತಿಸಿ, ಬೆಲ್ಲ ಕಾಯಿ ಹಾಕಿ ಅವಲಕ್ಕಿ ಕಲಸಿ, ಹೊಸ ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದರು. ತಟ್ಟೆಯ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನನಗಾಗಿಯೇ ತಂದದ್ದು. ಎರಡು ಸಲ ಹಾಕಿಸಿಕೊಂಡು ತಿಂದೆ. ಚೆನ್ನಾಗಿತ್ತು.

ಅವಳ ಅಪ್ಪ ಲೀಲಾಧರ ಎದುರಿನ ಐಸ್ ಪ್ಲಾಂಟಿನಲ್ಲೇ ಆಪರೇಟರ್. ಇದು ನನಗೆ ಗೊತ್ತೇ ಇರಲಿಲ್ಲ. "ಟೀಚರ್ರೆ, ನಮ್ ಹುಡ್ಗಿ ಕಲ್ಲ್‌ನಂಗೆ ಎಂತದೋ ಹುಡ್ಕಿತ್ ಅಂಬ್ರ್. ನಮ್ಗೆಂತ ತಿಳಿತ್ತ್? ನೀವ್ ಇದ್ರಿ ಅಲ್ದಾ, ಅದೇ ಧೈರ್ಯ," ಅಂದರು.

ಮಾತು ಬದಲಿಸಲು ಪ್ಲಾಂಟಿನ ವಿಷಯ ಕೇಳಿದೆ. "ಕಂಪ್ರೆಸರ್ ಹಳ್ತ್. ಒಂಚೂರ್ ಗ್ಯಾಸ್ ಹೋತಾ ಇರ್ತ್. ಹೊಸ್ಬರ್ ಬಂದ್ರೆ ಕಣ್ಣಂಗೆ ನೀರ್ ಬತ್ತ್. ನಮ್ಗೆ ಗೊತ್ತೇ ಆತಿಲ್ಲೆ."

ಶರಣ್ಯಾ ಪಕ್ಕದಲ್ಲೇ ಇದ್ದಳು, ಬೊಂಡಕ್ಕೆ ಹಾಕಲು ಸ್ಟ್ರಾ ಹುಡುಕುತ್ತಿದ್ದಳು. ಅಪ್ಪನ ಮಾತು ಅವಳ ಕಿವಿಗೇ ಬೀಳಲಿಲ್ಲ. ಮನೆಯಲ್ಲಿ ದಿನಾ ಆಡುವ ಮಾತು ಯಾರಿಗೆ ಕೇಳಿಸುತ್ತದೆ?

ಹೊರಡುವಾಗ "ನಾಳೆ ಬತ್ರಿ ಅಲ್ದಾ ಅಕ್ಕ?" ಅಂದಳು. ಅಕ್ಕ ಅಂತೆ.

೨೬ ಅಕ್ಟೋಬರ್, ಶನಿವಾರ

ಯಾವುದಕ್ಕೂ ಖಾತ್ರಿ ಬೇಕು ಅಂತ, ಅವಳು ಅಳೆದ ಅದೇ ಕೆಳಪದರದ ಶೇಲನ್ನು ಒಂದು ತುಂಡು ಮನೆಗೆ ತಂದು, ಕುಟ್ಟಿ, ನಡುಕೋಣೆಯಲ್ಲಿ ಹಿತ್ತಾಳೆಯ ತಟ್ಟೆಯಲ್ಲಿ ಹರಡಿದ್ದೆ. ಅತ್ತೆ ನೋಡಿ, "ಹಲ್ಲುಪುಡಿಯಾ? ಒಂಚೂರ್ ಕೊಡ್ ಕಾಂಬ," ಅಂದರು. ಎಣ್ಣೆಕಲ್ಲು ಅಂದರೆ, "ಎಣ್ಣೆ ಎಲ್ಲ್ ಇತ್ತ್ ಅದ್ರಂಗೆ?" ಅಂತ ಬೆರಳಿನಿಂದ ಉಜ್ಜಿಯೇ ನೋಡಿದರು.

ಒಣಗಿದ ಮೇಲೆ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಇವತ್ತು ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ನೋಡಿದೆ. ಅಮೋನಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಜುಲೈಯ ಹಾಗೆಯೇ.

ಅಂದರೆ ನಾನು ಅಂದುಕೊಂಡದ್ದೇ ಸರಿ. ಗೆದ್ದೆ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಸೀಟೂ ಸಿಕ್ಕಿತು. ಆದರೂ ಎಂತದೋ ಬೇಸರ. ಬಿಸಿಲು ಜಾಸ್ತಿಯಿತ್ತು, ಅದಕ್ಕಿರಬೇಕು.

೬ ನವೆಂಬರ್

ದೀಪಾವಳಿ ಕಳೆಯಲಿ ಅಂತಿದ್ದೆ. ಕಳೆಯಿತು. ಇವತ್ತು ಹೇಳುವುದು ಅಂತ ಹೋದೆ. ಅವಳು ಭಾಷಣ ಅಭ್ಯಾಸ ಮಾಡುತ್ತಿದ್ದಳು, "ಅಕ್ಕ, ನನ್ ಇಂಗ್ಲೀಷ್ ಸರಿ ಇತ್ತಾ ಕೇಣಿ," ಅಂದಳು. ಅವಳ ಇಂಗ್ಲಿಷ್ ಬೋಟಿನ ಹಾಗೆ, ಒಂದು ಬದಿಗೆ ವಾಲುತ್ತದೆ. ತಿದ್ದಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಚಿತ್ರ ಮೊದಲು, ಎಲ್ಲ ಹೇಳಿಕೊಟ್ಟೆ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅವಳ ಪ್ರತಿಯೊಂದು ಮಾತೂ ತಪ್ಪು ಅಂತ ಗೊತ್ತಿದ್ದೂ ಚೆನ್ನಾಗಿ ಹೇಳಿಸಿದೆ.

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ನನ್ನ ಡಬ್ಬಿಯ ಮೊಸರನ್ನ ಕೊಟ್ಟೆ. ಡಬ್ಬಿ ನೆಕ್ಕಿ ಇಟ್ಟಳು. ಹೊಟ್ಟೆಗೆ ಹಾಕದೆ ಕೆಲಸ ಮಾಡಿದರೆ ಉದ್ಧಾರ ಆದ ಹಾಗೆಯೇ ಅಂತ ಬೈದೆ. ನಾಳೆಯಿಂದ ಸ್ವಲ್ಪ ಜಾಸ್ತಿಯೇ ಕಟ್ಟಿಕೊಳ್ಳಬೇಕು.

೧೪ ನವೆಂಬರ್

ಹೇಳಲಿಲ್ಲ. ಹೇಳಿದರೆ ಕೇಳುತ್ತಾಳೆ, ಇಷ್ಟು ದಿನ ಎಲ್ಲಿದ್ರಿ ಅಂತ. ಆಗಸ್ಟಿನಲ್ಲಿ ಹೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು.

ಅವಳ ರೈಲು ಡಿಸೆಂಬರ್ ಮೊದಲ ವಾರ ಕಳೆದ ಕೂಡಲೇ. ಸರ್ ಟಿಕೆಟ್ ತೆಗೆಸಿಯೇ ಬಿಟ್ಟರು. ಅವಳ ಅಪ್ಪ ಸ್ವೆಟರ್ ತಂದಿದ್ದಾರೆ, ಗಂಗೊಳ್ಳಿಯಲ್ಲಿ ಯಾರೂ ಹಾಕದ ಸ್ವೆಟರ್. ಲ್ಯಾಬಿನಲ್ಲೇ ಹಾಕಿ ತೋರಿಸಿದಳು. ಬೆವರು ಸುರಿಯುತ್ತಿತ್ತು.

೧೯ ನವೆಂಬರ್, ಮಂಗಳವಾರ

ಇವತ್ತು ಹೆದರಿಕೆಯಾಯಿತು.

ಹೋದಾಗ ಕಿಟಕಿ ತೆಗೆದಿತ್ತು. ಕೆಳಗೆ ಪ್ಲಾಂಟ್ ಗಡಗಡ ಅನ್ನುತ್ತಿತ್ತು. ಒಬ್ಬ ಲಾರಿ ಡ್ರೈವರ್, ಯಾವ ಊರಿನವನೋ, ಮಂಜುಗಡ್ಡೆ ತುಂಬಿಸಲು ಬಂದವನು ಕಣ್ಣುಜ್ಜಿಕೊಂಡು ಕೆಮ್ಮುತ್ತಾ ಆಚೆಗೆ ಓಡಿದ. ನಾನು ಕಿಟಕಿಗೆ ಮುಖ ಕೊಟ್ಟು ನಿಂತೆ. ಉಸಿರೆಳೆದೆ. ಏನೂ ಇಲ್ಲ. ಬರೀ ಗಾಳಿ. ನನ್ನ ಮೇಜು ಕಿಟಕಿಯ ಹತ್ತಿರವೇ ಇದೆ. ಯಾವಾಗ ಗೋಡೆಯಿಂದ ಇಲ್ಲಿಗೆ ಎಳೆದುಕೊಂಡೆ, ನೆನಪೇ ಇಲ್ಲ. ಅವಳ ಭಾಷಣ ತಿದ್ದಲು ಅನುಕೂಲ ಅಂತ ಇರಬೇಕು.

ಕೋಣೆಯಲ್ಲಿ ಇದ್ದ ಒಂದು ಮೂಗೂ ಹೋಯಿತು. ಇನ್ನು ನಾನು ಬಾಯಿ ಮುಚ್ಚಿಕೊಂಡರೆ ಈ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ, ಅಷ್ಟು ಜನರ ಎದುರು, ಆ ಸ್ವೆಟರ್ ಹಾಕಿಕೊಂಡು ನಿಂತಾಗ ಗೊತ್ತಾಗುತ್ತದೆ.

ನಾಳೆ ಹೇಳುತ್ತೇನೆ. ಕಾಲೇಜಿಗೆ ರಜೆ ಹಾಕಿದ್ದೇನೆ, ಬೆಳಿಗ್ಗೆಯೇ ಹೋಗುವುದು.

೨೦ ನವೆಂಬರ್, ಬುಧವಾರ

ಹೇಳಿದೆ.

ಪ್ಲಾಂಟಿನ ಅಮೋನಿಯಾ, ತಟ್ಟೆ, ಜೇಡಿ, ನನ್ನ ಮನೆಯಲ್ಲಿ ಒಣಗಿಸಿದ ಪುಡಿಯ ಫಲಿತಾಂಶ, ಎಲ್ಲ ಒಂದೇ ಉಸಿರಿನಲ್ಲಿ. ಅವಳು ಎದುರಿಗೆ ನಿಂತು ಕೇಳಿದಳು. ಬುದ್ಧಿವಂತೆ, ಅರ್ಧದಲ್ಲೇ ತಿಳಿಯಿತು. ಹೋಗಿ ಕಿಟಕಿ ಮುಚ್ಚಿದಳು. ತಿರುಗಿ ಕೇಳಿದಳು:

"ನಿಮ್ಗೆ ಈ ವಾಸ್ನಿ ಯಾವಾಗಿಂದ ಬತ್ತಿತ್ತ್?"

"ಶುರುವಿನಿಂದ."

"ಶುರು ಅಂದ್ರೆ?"

"ನೀನು ಕಿಟಕಿ ತೆಗೆದ ದಿನದಿಂದ. ಆಗಸ್ಟಿನಿಂದ."

ಅವಳು ಕಿಟಕಿಯ ಚಿಲಕ ಹಾಕಿದಳು. ಮತ್ತೆ, ಮೆಲ್ಲಗೆ, "ನಾನ್ ಕೇಂಡಿದ್ದೆ ಅಲ್ದಾ ಮೇಡಂ, ಎಂತ ವಾಸ್ನಿ ಅಂದೇಳಿ," ಅಂದಳು.

ಹೌದು. ಕೇಳಿದ್ದಳು. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನೀನು ಬಂದು ನನ್ನ ಕೆಲಸ ಕಸಿದುಕೊಂಡೆಯಲ್ಲ, ಹೊಟ್ಟೆ ಉರಿಯಿತು ಕಣೇ ಅನ್ನುತ್ತಿದ್ದೆ. ಅವಳು ಬೈಯಲಿಲ್ಲ. ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಪುಡಿಯನ್ನು ಕಸದ ಬುಟ್ಟಿಗೆ ಸುರಿದಳು.

ಸರ್ ಬಂದ ಮೇಲೆ ಅವರಿಗೂ ಹೇಳಿದೆ. ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಕೊನೆಗೆ, ನಮ್ಮೂರ ಮಾತಿನಲ್ಲಿ, "ನನ್ನ ಮೂಗ್ ಹೋಯಿ ಕಾಲ ಆಯ್ತ್ ವಾಣಿ. ನಿನ್ನ ಮೂಗ್ ಎಂತ ಮಾಡ್ತಿತ್ತ್?" ಅಂದರು. ಇಷ್ಟು ವರ್ಷದಲ್ಲಿ ಮೊದಲ ಸಲ ವಾಣಿ ಅಂತ ಕರೆದದ್ದು.

೨೪ ನವೆಂಬರ್, ಭಾನುವಾರ

ಶರಣ್ಯಾ ಬೆಳಿಗ್ಗೆ ನಮ್ಮ ಮನೆಗೆ ಬಂದಳು. ಚೀಲದ ತುಂಬ ಶೇಲಿನ ತುಂಡುಗಳು. ಬಾಗಿಲಲ್ಲೇ ನಿಂತು, "ಮೇಡಂ, ಇಲ್ಲ್ ಒಣಗ್ಸಕ್. ಟಿಕೆಟ್ ತೆಗ್ದಾಯ್ತ್. ಖಾಲಿ ಕೈಯಂಗೆ ಹೋಪುಕೆ ಆತಿಲ್ಲೆ," ಅಂದಳು.

ಹೊಸ ಭಾಷಣ ಮಾಡುತ್ತಾಳಂತೆ. ತಪ್ಪಿನದೇ ಭಾಷಣ: ಬಂದರಿನಲ್ಲಿ ಒಣಗಿಸಿದ್ದು, ಕೋಟದಲ್ಲಿ ಒಣಗಿಸಿದ್ದು, ಒಂದೇ ಕಲ್ಲು, ಎರಡು ಉತ್ತರ. ಗಾಳಿಗೆ ಒಡ್ಡಿ ಒಣಗಿಸುವ ನಿಯಮವನ್ನು ಕಣ್ಣು ಮುಚ್ಚಿ ಪಾಲಿಸಿದರೆ ಏನಾಗುತ್ತದೆ ಅಂತ. ಸರ್ ಒಪ್ಪಿದ್ದಾರೆ. ಛೆ, ಇದು ನನಗೇ ಹೊಳೆಯಬೇಕಿತ್ತು! ಇಷ್ಟು ದಿನ ಪುರಾವೆ ಕೈಯಲ್ಲಿ ಹಿಡಿದುಕೊಂಡು ಕೂತವಳು ನಾನು, ಅದರಿಂದ ಏನು ಮಾಡಬಹುದು ಅಂತ ಕಂಡದ್ದು ಅವಳಿಗೆ.

ಅತ್ತೆಯ ಹಿತ್ತಾಳೆ ತಟ್ಟೆಗಳೆಲ್ಲ ಹೊರಗೆ ಬಂದವು. ನಾನು ಕುಟ್ಟಿದೆ, ಅವಳು ಜರಡಿ ಹಿಡಿದಳು. ಬೇಕಾದ್ದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಊಟಕ್ಕೆ ಎದ್ದಾಗ ಮಾತ್ರ ಕೇಳಿದಳು:

"ಅಲ್ಲಿ ತಾರೀಕ್ ತೋರ್ಸಕ್ ಮೇಡಂ. ವಾಸ್ನಿ ಮೊದ್ಲ್ ಗೊತ್ತಾದ್ ಯಾವಾಗ, ಹೇಳದ್ ಯಾವಾಗ ಅಂದೇಳಿ. ಎಂತ ಹಾಕುದ್?"

ನನ್ನ ಮುಖ ನೋಡಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಬಿಟ್ಟೇ ಕೇಳಿದ್ದಳು. ಅಕ್ಟೋಬರ್ ಅನ್ನಬಹುದಿತ್ತು, ನವೆಂಬರ್ ಅನ್ನಬಹುದಿತ್ತು, ಯಾವುದು ಹೇಳಿದರೂ ಬರೆದುಕೊಳ್ಳುತ್ತಿದ್ದಳು.

"ಗೊತ್ತಾದ್ದು ಆಗಸ್ಟ್ ಆರು. ಹೇಳಿದ್ದು ನವೆಂಬರ್ ಇಪ್ಪತ್ತು. ಹೆಸರು ಶ್ರೀವಾಣಿ ಅಂತ ಹಾಕು," ಅಂದೆ.

ಬರೆದುಕೊಂಡಳು. ಅತ್ತೆ ಬಡಿಸಿದ ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡಳು.

೧೨ ಡಿಸೆಂಬರ್, ಗುರುವಾರ

ಇವತ್ತು ಅವಳ ಭಾಷಣ. ಪಾಠ ಮಾಡುವಾಗ ಒಂದೇ ಸಮೀಕರಣ ಎರಡು ಸಲ ಬರೆದೆ, ಮಕ್ಕಳು ನಕ್ಕರು. ಅಲ್ಲಿ ಆ ತೆರೆಯ ಮೇಲೆ ನನ್ನ ಹೆಸರು, ನನ್ನ ಎರಡು ತಾರೀಕು. ದೇಶದ ಕಲ್ಲಿದ್ದಲಿನವರೆಲ್ಲ ನೋಡಿರುತ್ತಾರೆ.

ಸಂಜೆ ಮನೆಯ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿರುವಾಗ ಫೋನ್ ಬಂತು. "ಹ್ವಾಯ್ ಅಕ್ಕ! ಆಯ್ತ್! ಎಲ್ಲಿ ನಿಲ್ಲಕ್ ಅಂದಿದ್ರಿ, ಅಲ್ಲೇ ನಿಂತೆ!" ಸ್ವೆಟರಿನೊಳಗೂ ಚಳಿಯಂತೆ, ಚಹಾ ಚೆನ್ನಾಗಿಲ್ಲವಂತೆ, ಜನ ಚಪ್ಪಾಳೆ ತಟ್ಟಿದರಂತೆ. ನಾನು ಬರೀ ಹ್ಞೂಂ ಹ್ಞೂಂ ಅನ್ನುತ್ತಿದ್ದೆ.

"ಒಬ್ರ್ ಮುದ್ಕರ್ ಎದ್ದ್ ನಿಂತ್ ಕೇಂಡ್ರ್, ಆಗಸ್ಟಂಗೆ ಗೊತ್ತಾದ್ದನ್ನ ನವೆಂಬರಂಗೆ ಎಂತಕ್ಕೆ ಹೇಳ್ರ್ ಅಂದೇಳಿ."

"ನೀನು ಎಂತ ಹೇಳಿದೆ?"

"ನಮ್ ಅಕ್ಕ ಮನೆಯಂಗೆ ಒಣಗ್ಸಿ ಕಂಡ್, ಖಾತ್ರಿ ಮಾಡ್ಕಂಡ್ ಹೇಳ್ರ್ ಅಂದೆ. ಅಂದಾಜಿಗೆ ಮಾತಾಡುವರಲ್ಲ ಅಂದೆ. ಸುಳ್ಳಲ್ಲ ಅಲ್ದಾ?"

"ಖಾತ್ರಿಯಾದದ್ದು ಅಕ್ಟೋಬರಿನಲ್ಲೇ ಶರಣ್ಯಾ."

"ಗೊತ್ತಿತ್ತ್," ಅಂದಳು.

ಮತ್ತೆ ಅವಳೇ ಹೇಳಿದಳು. ಆ ಪ್ರೊಫೆಸರ್ ಅವಳನ್ನು ತೆಗೆದುಕೊಂಡಿದ್ದಾರೆ. ತಪ್ಪನ್ನು ಇಷ್ಟು ಚೊಕ್ಕ ತೋರಿಸುವವರು ಬೇಕು ಅಂದರಂತೆ. ಜನವರಿಯಲ್ಲಿ ಸೇರಬೇಕು, ನಾಲ್ಕು ವರ್ಷ ಅಲ್ಲೇ. "ಸಾರಜನಕ ಇನ್ ನಿಮ್ದೇ ಅಕ್ಕ. ಕಿಟಕಿ ಮಾತ್ರ ತೆಗೀಬೇಡಿ."

ಒಳ್ಳೆಯದಾಗಲಿ ಅಂದೆ. ಫೋನ್ ಇಟ್ಟೆ.

ಹೊಟ್ಟೆ ಉರಿಯುತ್ತಿದೆ. ಸುಳ್ಳು ಯಾಕೆ ಬರೆಯಲಿ, ಉರಿಯುತ್ತಿದೆ. ಅಲ್ಲಿ ನಿಲ್ಲಬೇಕಾದವಳು ನಾನು. ಮತ್ತೆ ಆ ಧನಬಾದಿನವರ ಮೇಲೂ ಉರಿಯುತ್ತಿದೆ, ದಿನಾ ಅವಳ ಪಕ್ಕದಲ್ಲಿ ಕೂತು ಕೆಲಸ ಮಾಡುವವರು ಇನ್ನು ಅವರು. ಅಲ್ಲಿ ಅವಳು ಬೆಳಿಗ್ಗೆ ತಿಂಡಿ ತಿಂದಳೋ ಇಲ್ಲವೋ ಅಂತ ಯಾರು ಕೇಳುತ್ತಾರೆ? ಸಾರಜನಕ ಮತ್ತೆ ನನ್ನದಾಯಿತು. ಜುಲೈಯಲ್ಲಿ ನನಗೆ ಬೇಕಿದ್ದದ್ದು ಅದೊಂದೇ.

ಇವರು ಪೂಜೆ ಮುಗಿಸಿ ಬಂದರು. ಜಗಲಿಗೆ ಹತ್ತುವಾಗ ನನ್ನ ಮುಖ ನೋಡಿ ನಿಂತರು.

"ಎಂತ ಆಯ್ತ್? ಕಣ್ಣಂಗೆ ನೀರ್?"

"ಅಮೋನಿಯಾ," ಅಂದೆ.

ಇವರು ಅಂಗಳ ನೋಡಿದರು, ಗದ್ದೆ ನೋಡಿದರು.

"ಕೋಟದಂಗೆ ಎಲ್ಲ್ ಇತ್ತ್ ಮಾರಾಯ್ತಿ ಅಮೋನಿಯಾ?"